ಗುಂಡನ್ನೂ ಓಟವನ್ನೂ ಒಂದೇ ತಕ್ಕಡಿಗೆ ಹಾಕಿದ ಅಕ್ಕೋರು

ನಮ್ಮ ಗಣಿತದ ಅಕ್ಕೋರು ನಿವೃತ್ತರಾದ ದಿನ ಹೆಡ್‌ಮಾಸ್ತರರು ಮೈಕಿನ ಮುಂದೆ ನಿಂತು, ಇವರು ತಮ್ಮ ಇಡೀ ಸೇವೆಯಲ್ಲಿ ಒಂದು ದಿನವೂ ರಜೆ ಹಾಕಿದವರಲ್ಲ ಎಂದು ಹೊಗಳಿದರು. ಚಪ್ಪಾಳೆ ಬಿತ್ತು. ಕೊರಳಲ್ಲಿ ಹಾರ, ಮಡಿಲಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಕುಳಿತಿದ್ದ ಅಕ್ಕೋರು ಚಪ್ಪಾಳೆ ನಿಲ್ಲುವವರೆಗೆ ಕಾದು ಎದ್ದು ನಿಂತರು.

"ತಪ್ಪು ತಿಳೀಬ್ಯಾಡ್ರಿ ಸರ. ಟೈಫಾಯ್ಡ್ ಆದಾಗ ಹತ್ತೊಂಬತ್ತು ದಿನ ಹಾಕೇನಿ. ತಂಗಿ ಬಾಣಂತನಕ್ಕ ಎಂಟು. ಮತ್ತ ಒಂದು ದಿನ ಬೈಲಹೊಂಗಲದಾಗ ಸಿನಿಮಾ ನೋಡಾಕ ಹೋಗಿದ್ದೆ. ಅರ್ಜಿಯೊಳಗ ತಲಿ ನೋವು ಅಂತ ಬರದಿದ್ದೆ."

ಇಷ್ಟು ಹೇಳಿ ಕುಳಿತರು. ಮಕ್ಕಳು ನಕ್ಕ ನಗೆ ಶಾಮಿಯಾನದಾಚೆ ರಸ್ತೆಗೂ ಕೇಳಿರಬೇಕು.

ಅವರಿಗೊಂದು ಹೆಸರಿತ್ತು. ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಅದನ್ನು ನಾನು ಕಂಡಿಲ್ಲ. ಊರಿಗೆಲ್ಲ ಅಕ್ಕೋರು, ನನಗೂ ಅಕ್ಕೋರು. ಈಗ ಅವರಿಲ್ಲ. ಅವರ ಬಗ್ಗೆ ಬರೆಯಲು ಕುಳಿತವನು ಒಂದು ಸುಳ್ಳನ್ನೂ ಸೇರಿಸುವ ಹಾಗಿಲ್ಲ ಎಂಬುದೇ ನನ್ನ ಹೆದರಿಕೆ.

ನಾನು ಅದೇ ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರನಾಗಿದ್ದೆ. ನೇಸರಗಿಯಿಂದ ಬೈಲಹೊಂಗಲಕ್ಕೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿರುವ ಊರು. ತೊಂಬತ್ತರ ದಶಕದ ಮೊದಲಲ್ಲಿ ಕೆಲಸಕ್ಕೆ ಸೇರಿದಾಗ ನನ್ನ ಬಳಿ ಒಂದು ಸೀಟಿ, ಒಂದು ಸ್ಟಾಪ್‌ವಾಚು ಮತ್ತು ಸಿಕ್ಕಾಪಟ್ಟೆ ಜಂಬ ಇದ್ದವು. ಕಾಲೇಜಿನಲ್ಲಿ ನಾನೂರು ಮೀಟರ್ ಓಡಿ ದಾಖಲೆ ಮಾಡಿದವನು ನಾನು. ಅದನ್ನು ಹೊಸಬರಿಗೆ ಹೇಳಲು ಮೊದಲ ಚಹಾದವರೆಗೂ ಕಾಯುತ್ತಿರಲಿಲ್ಲ.

ಅಕ್ಕೋರು ಹೂಲಿಯವರು. ಬೈಲಹೊಂಗಲದಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಮಾಡಿಕೊಂಡು ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಕುಳ್ಳಗಿನ ಗಟ್ಟಿ ಆಳು. ಇಳಕಲ್ ಸೀರೆ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಕೈಯಲ್ಲಿ ಗಂಡಸರು ಕಟ್ಟುವಂಥ ದೊಡ್ಡ ವಾಚು. ಚೀಲದಲ್ಲಿ ದರ್ಜಿಯವರ ಟೇಪು ಸದಾ ಇರುತ್ತಿತ್ತು. ಹೂಲಿಯ ಹಳೆಯ ಗುಡಿಗಳ ಕಂಬಗಳನ್ನು ಚಿಕ್ಕಂದಿನಲ್ಲಿ ಗೇಣಿನಿಂದ ಅಳೆದು, ಯಾವ ಕಂಬ ಯಾವುದಕ್ಕಿಂತ ಎಷ್ಟು ದಪ್ಪ ಎಂದು ಅಪ್ಪನಿಗೆ ಹೇಳಿ ಬೈಸಿಕೊಂಡಿದ್ದರಂತೆ. ಗುಡಿಗೆ ಹೋದವಳು ಕೈ ಮುಗಿಯುವುದು ಬಿಟ್ಟು ಇದೇನು ಮಾಡುತ್ತೀ ಎಂದು ಅಪ್ಪ ಕೇಳಿದರೆ, ಕೈ ಮುಗಿದ ಮೇಲೆಯೇ ಅಳೆದೆ ಎಂದಿದ್ದರಂತೆ.

ನಾನು ಸೇರಿದ ವರ್ಷವೇ ಶಿಕ್ಷಕರಿಗೆಂದು ಲಿಂಬೆ-ಚಮಚದ ಓಟ ಇಟ್ಟಿದ್ದೆ. ಬಾಯಲ್ಲಿ ಚಮಚ, ಚಮಚದಲ್ಲಿ ಲಿಂಬೆಹಣ್ಣು. ಉಳಿದವರೆಲ್ಲ ಓಡಿದರು. ಅಕ್ಕೋರು ಬಜಾರಕ್ಕೆ ಹೋಗುವವರ ಹಾಗೆ ನಡೆದುಕೊಂಡು ಬಂದರು. ವಿಜ್ಞಾನದ ಮಾಸ್ತರರು ಮೊದಲು ಗೆರೆ ಮುಟ್ಟಿದ್ದರಿಂದ ಬಹುಮಾನ ಅವರಿಗೆ ಎಂದು ಕೂಗಿದೆ. ಎಲ್ಲರಿಗಿಂತ ಕೊನೆಗೆ ಬಂದ ಅಕ್ಕೋರು ಬಾಯಿಂದ ಚಮಚ ತೆಗೆದು, ಲಿಂಬೆಹಣ್ಣು ಬಿದ್ದರೆ ಆಟದಿಂದ ಹೊರಗೆ ಎಂದು ನೀವೇ ಹೇಳಿದ್ದಿರಲ್ಲ, ಯಾರ ಹಣ್ಣು ಎಲ್ಲಿ ಬಿದ್ದಿದೆ ನೋಡಿ ಎಂದರು. ತಿರುಗಿ ನೋಡಿದರೆ ಮೈದಾನದ ತುಂಬ ಲಿಂಬೆಹಣ್ಣು. ಬಹುಮಾನದ ಸ್ಟೀಲಿನ ಡಬ್ಬಿ ಅವರ ಪಾಲಾಯಿತು.

ಒಂದು ವರ್ಷ ಕ್ರೀಡಾಕೂಟ ಮುಗಿದ ಮರುದಿನ ಅವರು ನನ್ನ ಆಟದ ಸಾಮಾನಿನ ಕೋಣೆಗೆ ಬಂದರು. ಗಾಳಿ ಇಳಿದ ಚೆಂಡುಗಳ ನಡುವೆ ಜಾಗ ಮಾಡಿಕೊಂಡು ಕುಳಿತರು.

"ಸರ, ವೀರಾಗ್ರಣಿ ಕಪ್ ಯಾವಾಗ್ಲೂ ಓಡೋ ಹುಡುಗ್ಯಾರಿಗೇ ಯಾಕ ಹೋಗ್ತೈತ್ರಿ?"

ನಾನು ಲೆಕ್ಕ ಹೇಳಿದೆ. ಒಂದು ಆಟದಲ್ಲಿ ಮೊದಲ ಸ್ಥಾನಕ್ಕೆ ಐದು ಅಂಕ, ಎರಡನೆಯದಕ್ಕೆ ಮೂರು, ಮೂರನೆಯದಕ್ಕೆ ಒಂದು. ಹೆಚ್ಚು ಅಂಕ ಗಳಿಸಿದವರು ವೈಯಕ್ತಿಕ ವೀರಾಗ್ರಣಿ. ಇಬ್ಬರಿಗೆ ಅಂಕ ಸಮನಾದರೆ ನೂರು ಮೀಟರ್ ಗೆದ್ದವರಿಗೆ ಕಪ್ಪು. ಇದನ್ನು ಎಲ್ಲಿ ಬರೆದಿದೆ ಎಂದು ಕೇಳಿದರು. ಎಲ್ಲೂ ಬರೆದಿಲ್ಲ, ಮೊದಲಿನಿಂದ ನಡೆದು ಬಂದದ್ದು ಎಂದೆ. ಗುಂಡು ಎಸೆಯುವವಳು ಏನು ಪಾಪ ಮಾಡಿದ್ದಾಳೆ ಎಂದರು. ಗುಂಡು ಮೀಟರಿನಲ್ಲಿ, ಓಟ ಸೆಕೆಂಡಿನಲ್ಲಿ, ಇವೆರಡನ್ನು ಹೋಲಿಸುವುದು ಹೇಗೆ, ಓಟ ಅಂದರೆ ಓಟ ಎಂದು ನಾನು ಮಾತು ಮುಗಿಸಲು ನೋಡಿದೆ. ಅಕ್ಕೋರು ಹಳೆಯ ಫಲಿತಾಂಶದ ಪಟ್ಟಿಗಳೆಲ್ಲ ಎಲ್ಲಿವೆ ಎಂದು ಕೇಳಿದರು.

ಪಟ್ಟಿಗಳು ಇದ್ದವು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಕಡೆಯ ಹೈಸ್ಕೂಲುಗಳೆಲ್ಲ ಸೇರುವ ವಿಭಾಗದ ಕ್ರೀಡಾಕೂಟದ ಕಾಗದಗಳನ್ನು ನನಗಿಂತ ಮೊದಲಿದ್ದವರು, ಆಮೇಲೆ ನಾನೂ, ಕಟ್ಟು ಕಟ್ಟಿ ಅಟ್ಟದ ಮೇಲೆ ಒಗೆದಿದ್ದೆವು. ಅರ್ಧ ಗೆದ್ದಲಿಗೆ ಹೋಗಿತ್ತು. ಉಳಿದ ಅರ್ಧವನ್ನು ಅಕ್ಕೋರು ದೀಪಾವಳಿ ರಜೆಯಲ್ಲಿ ಮನೆಗೆ ಒಯ್ದು, ಒಂದೊಂದು ಆಟಕ್ಕೆ ಒಂದೊಂದು ಪುಟ ಮಾಡಿ, ಉದ್ದನೆಯ ನೋಟ್‌ಬುಕ್ಕಿನಲ್ಲಿ ಇಳಿಸಿದರು.

ರಜೆ ಮುಗಿದ ಮೇಲೆ ಎಂಟನೆಯ ಇಯತ್ತೆಯ ಇಡೀ ತರಗತಿಯನ್ನು ಮೈದಾನಕ್ಕೆ ಕರೆತಂದರು. ಎಲ್ಲರೂ ಒಬ್ಬೊಬ್ಬರಾಗಿ ಉಸುಕಿನ ಗುಂಡಿಗೆ ಜಿಗಿದರು. ಬಿದ್ದಲ್ಲೆಲ್ಲ ಬೇವಿನ ಕಡ್ಡಿ ನೆಟ್ಟರು. ಆಮೇಲೆ ಎಲ್ಲರಿಂದ ಗುಂಡು ಎಸೆಸಿ, ಬಿದ್ದಲ್ಲಿ ಬೆಣಚುಕಲ್ಲು ಇಡಿಸಿದರು. ಬೇವಿನ ಕಡ್ಡಿಗಳು ಉದ್ದಕ್ಕೆ ಚದುರಿದ್ದವು. ಬೆಣಚುಕಲ್ಲುಗಳು ಒಂದು ಚಾಪೆ ಹಾಸುವಷ್ಟು ಜಾಗದಲ್ಲಿ ಒತ್ತಿಕೊಂಡಿದ್ದವು. ಒಂದು ಕಲ್ಲು ಮಾತ್ರ ದೂರ ಇತ್ತು. ಅದು ಗಂಗವ್ವನದು. ಅಪ್ಪನ ಹಿಟ್ಟಿನ ಗಿರಣಿಯಲ್ಲಿ ಜೋಳದ ಚೀಲ ಎತ್ತಿ ಎತ್ತಿ ತೋಳು ಬಲಿತ ಹುಡುಗಿ.

"ಇಲ್ನೋಡ್ರಿ," ಎಂದರು ಅಕ್ಕೋರು. "ಒಂದು ಗುಂಪು ಹರಡಿಕೊಂಡೈತಿ, ಒಂದು ಒತ್ತಿಕೊಂಡೈತಿ. ಹರಡಿಕೊಂಡ ಗುಂಪಿನಿಂದ ಒಂದು ಮೊಳ ಹೊರಗ ಹೋಗೂದು ದೊಡ್ಡದಲ್ಲ. ಒತ್ತಿಕೊಂಡ ಗುಂಪಿನಿಂದ ಒಂದು ಮೊಳ ಹೊರಗ ಹೋಗೂದು ಭಾಳ ದೊಡ್ಡದು. ಅದಕ್ಕ ಮೀಟರ್ ಬ್ಯಾಡ, ಸೆಕೆಂಡೂ ಬ್ಯಾಡ. ಆಯಾ ಗುಂಪಿನ ಹರವಿನಿಂದನ ಅಳೀಬೇಕು."

ಹತ್ತನೆಯ ಇಯತ್ತೆಯ ಪಠ್ಯಪುಸ್ತಕ ಅದನ್ನು ಮಾನಕ ವಿಚಲನೆ ಎನ್ನುತ್ತಿತ್ತು. ಆ ಹೆಸರು ಕೇಳಿದರೆ ಹುಡುಗರು ಹೆದರುತ್ತಿದ್ದರು. ಆ ದಿನದಿಂದ ನಮ್ಮ ಶಾಲೆಯಲ್ಲಿ ಅದಕ್ಕೆ 'ಗುಂಪಿನ ಹರವು' ಎಂದೇ ಹೆಸರಾಯಿತು. ಒಂದು ಆಟದಲ್ಲಿ ವರ್ಷವರ್ಷವೂ ಬಂದ ಸಾಧನೆಗಳ ಸರಾಸರಿ ತೆಗೆಯುವುದು, ಅವು ಎಷ್ಟು ಹರಡಿಕೊಂಡಿವೆ ನೋಡುವುದು, ಈ ಸಲದ ಹುಡುಗಿ ಆ ಸರಾಸರಿಯಿಂದ ಎಷ್ಟು ಹರವುಗಳಷ್ಟು ಮುಂದಿದ್ದಾಳೆ ಎಂದು ಎಣಿಸುವುದು. ಎಣಿಸಿದರೆ ಗುಂಡು, ಓಟ, ಜಿಗಿತ ಎಲ್ಲವೂ ಒಂದೇ ತಕ್ಕಡಿಯಲ್ಲಿ ಕೂರುತ್ತಿದ್ದವು.

ನನಗೆ ಖುಷಿಯಾಯಿತು. ಖುಷಿಯಲ್ಲಿ ಒಂದು ತಪ್ಪು ಮಾಡಿದೆ. ನನ್ನ ಕಾಲೇಜು ದಿನಗಳ ದಾಖಲೆಯನ್ನೂ ತೂಗಿ ನೋಡಿ ಎಂದು ಆ ಕಾಲದ ಫಲಿತಾಂಶದ ಪುಸ್ತಿಕೆಗಳನ್ನು ಅವರ ಕೈಗಿಟ್ಟೆ. ನಾಲ್ಕು ದಿನ ಬಿಟ್ಟು ಸ್ಟಾಫ್‌ರೂಮಿನಲ್ಲಿ, ಎಲ್ಲರೆದುರು ಉತ್ತರ ಬಂತು.

"ಛಲೋ ಓಡೀರಿ ಸರ. ಆದ್ರ ಆ ವರ್ಷ ನಿಮ್ಮ ಕಾಲೇಜಿನಾಗ ಭರ್ಚಿ ಒಗದಾಂವ ನಿಮಗಿಂತ ಎಷ್ಟೋ ಛಲೋ ಒಗದಾನ."

ಆ ಭರ್ಚಿಯವನ ಮುಖ ನನಗೆ ನೆನಪಿತ್ತು. ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಎದ್ದವನೇ ಅಲ್ಲ. ಒಂದು ವಾರ ನಾನು ಅಕ್ಕೋರ ಜೊತೆ ಮಾತು ಬಿಟ್ಟೆ. ಅವರಿಗೆ ಅದು ತಿಳಿದ ಹಾಗೆ ಕಾಣಲಿಲ್ಲ. ಮನೆಯಲ್ಲಿ ಹೆಂಡತಿಗೆ ಹೇಳಿಕೊಂಡರೆ ಅವಳು ಆ ಭರ್ಚಿಯವರು ಈಗ ಎಲ್ಲಿದ್ದಾರೆ ಎಂದು ವಿಚಾರಿಸಿದಳು.

ಎರಡು ವರ್ಷ ಕಳೆದು ವಿಭಾಗದ ಕ್ರೀಡಾಕೂಟ ಕಿತ್ತೂರಿನಲ್ಲಿ ನಡೆಯಿತು. ನಮ್ಮ ಗಂಗವ್ವ ಗುಂಡು ಎಸೆತ, ಚಕ್ರ ಎಸೆತ ಎರಡರಲ್ಲೂ ಮೊದಲು ಬಂದಳು. ರಾಮದುರ್ಗದ ಕಡೆಯ ರೇಣುಕಾ ಎಂಬ ತೆಳ್ಳನೆಯ ಹುಡುಗಿ ನೂರು ಮತ್ತು ಇನ್ನೂರು ಮೀಟರ್ ಎರಡನ್ನೂ ಗೆದ್ದಳು. ಇಬ್ಬರಿಗೂ ಹತ್ತು ಹತ್ತು ಅಂಕ. ಆ ಸಲ ಕಪ್ಪಿನ ಜೊತೆಗೆ ಇನ್ನೊಂದಿತ್ತು. ವೀರಾಗ್ರಣಿಯಾದವಳ ಹೆಸರು ಜಿಲ್ಲೆಯ ಕ್ರೀಡಾ ಹಾಸ್ಟೆಲಿನ ಆಯ್ಕೆಗೆ ಹೋಗುತ್ತಿತ್ತು. ಊಟ, ವಸತಿ, ಬೂಟು, ತರಬೇತಿ ಎಲ್ಲ ಅಲ್ಲಿಯದೇ.

ರೂಢಿಯಂತೆ ಕಪ್ಪು ರೇಣುಕಾಗೆ ಹೋಗಬೇಕಿತ್ತು. ಅಕ್ಕೋರು ನೋಟ್‌ಬುಕ್ಕು ಹಿಡಿದು ವೇದಿಕೆ ಹತ್ತಿದರು. ಪ್ರತಿ ವರ್ಷ ಇದೇ ಜಗಳ ಕೇಳಿ ಬೇಸತ್ತಿದ್ದ ಅಧಿಕಾರಿಗಳು, ಈ ಲೆಕ್ಕದಿಂದಾದರೂ ಬಗೆಹರಿಯಲಿ ಎಂದು ಒಪ್ಪಿದರು. ಅಕ್ಕೋರು ಮೇಜಿಗೆ ಕುಳಿತು ಲೆಕ್ಕ ಹಾಕುವಾಗ ಇಡೀ ಮೈದಾನ ಸುಮ್ಮನೆ ಕಾಯಿತು. ಒಬ್ಬ ಹೆಂಗಸು ಗುಣಾಕಾರ ಮಾಡುವುದನ್ನು ಅಷ್ಟು ಜನ ಉಸಿರು ಬಿಗಿಹಿಡಿದು ನೋಡಿದ್ದನ್ನು ನಾನು ಮತ್ತೆ ಕಂಡಿಲ್ಲ.

ಕೂದಲೆಳೆಯ ಅಂತರದಲ್ಲಿ ಗಂಗವ್ವ ಮುಂದಿದ್ದಳು. ನಿಮ್ಮ ಶಾಲೆಯ ಹುಡುಗಿಯೇ ಬಂದಳಲ್ಲ ಎಂದು ರಾಮದುರ್ಗದ ಕಡೆಯ ಪಿ.ಟಿ. ಮಾಸ್ತರರು ಚುಚ್ಚಿದರು. ಅಕ್ಕೋರು ನೋಟ್‌ಬುಕ್ಕನ್ನೇ ಅವರ ಕೈಗೆ ಕೊಟ್ಟು ಪರೀಕ್ಷಿಸಿರಿ ಎಂದರು. ಅವರು ನಾಲ್ಕು ಪುಟ ತಿರುವಿ ಸಪ್ಪೆ ಮುಖದಿಂದ ಹಿಂದೆ ಕೊಟ್ಟರು. ನಾವು ಟ್ರ್ಯಾಕ್ಸ್ ಗಾಡಿಯಲ್ಲಿ ಕಪ್ಪು ಹಿಡಿದು ಹಾಡುತ್ತ ಊರಿಗೆ ಬಂದೆವು. ಗಂಗವ್ವನ ಅಪ್ಪ ಆ ದಿನ ಗಿರಣಿಗೆ ಬಂದವರಿಗೆಲ್ಲ ಪೇಢೆ ಹಂಚಿದ.

ಎರಡು ವಾರ ಕಳೆದಿರಬೇಕು. ಅಕ್ಕೋರು ನೋಟ್‌ಬುಕ್ಕು ತೆರೆದುಕೊಂಡು ನನ್ನ ಕೋಣೆಗೆ ಬಂದರು.

"ಸರ, ಇದೊಂದು ವರ್ಷದ್ದು ನನಗ ತಿಳೀವಲ್ದು. ಇದೇ ಹುಡುಗ್ಯಾರು ನೂರು ಮೀಟರ್ ಎಂದಿನಂಗ ಓಡ್ಯಾರ. ಇನ್ನೂರು ಮಾತ್ರ ಯಾರೂ ಓಡದಂಗ ಓಡ್ಯಾರ. ಎಲ್ಲಾರೂ. ಯಾಕಿರಬೇಕ್ರಿ?"

ವರ್ಷ ನೋಡಿದೆ. ನಾನು ಕೆಲಸಕ್ಕೆ ಸೇರಿದ ವರ್ಷ. ಕೂಟ ನಮ್ಮ ಮೈದಾನದಲ್ಲೇ ನಡೆದಿತ್ತು. ಗಾಳಿ ಇದ್ದಿರಬೇಕು ಎಂದೆ. ಗಾಳಿ ನೂರು ಮೀಟರಿಗೆ ಬೀಸಲಿಲ್ಲವೇ ಎಂದು ತಮ್ಮಷ್ಟಕ್ಕೇ ಅನ್ನುತ್ತ ಅವರು ಹೊರಟುಹೋದರು.

ಗಾಳಿಯಲ್ಲ. ಆ ವರ್ಷ ಕಾಂಪೌಂಡು ಕಟ್ಟಲು ತಂದ ಕಲ್ಲಿನ ರಾಶಿ ಮೈದಾನದ ಒಂದು ಮೂಲೆಯಲ್ಲಿ ಬಿದ್ದಿತ್ತು. ಸುಣ್ಣದ ಗೆರೆ ಎಳೆಯುವಾಗ ತಿರುವಿಗೆ ಜಾಗ ಸಾಲದೆ ನಾನು ಒಳಗಿನಿಂದಲೇ ತಿರುಗಿಸಿದ್ದೆ. ಇನ್ನೂರು ಮೀಟರು ಪೂರ್ತಿ ಇನ್ನೂರು ಆಗಿರಲಿಲ್ಲ. ಯಾರಿಗೂ ಹೇಳಿರಲಿಲ್ಲ. ಆ ದಿನ ಇನ್ನೂರು ಮೀಟರಿನಲ್ಲಿ ಹೊಸ ದಾಖಲೆಯಾಯಿತು ಎಂದು ಅಧಿಕಾರಿಗಳು ಬೆನ್ನು ತಟ್ಟಿದಾಗಲೂ ತಟ್ಟಿಸಿಕೊಂಡು ನಿಂತಿದ್ದೆ.

ಎರಡು ದಿನ ಸುಮ್ಮನಿದ್ದೆ. ಕಪ್ಪು ಹೆಡ್‌ಮಾಸ್ತರರ ಕೋಣೆಯ ಕಪಾಟಿನಲ್ಲಿ ಹೊಳೆಯುತ್ತಿತ್ತು. ಹೇಳಿದರೆ ನನ್ನ ಮರ್ಯಾದೆಯೂ ಹೋಗುತ್ತದೆ, ಗಂಗವ್ವನ ಹಾಸ್ಟೆಲೂ ಹೋಗಬಹುದು. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಅಕ್ಕೋರು ಮಧ್ಯಾಹ್ನ ಊಟಕ್ಕೆ ಕುಳಿತಾಗಲೂ ಆ ಪುಟ ತೆರೆದಿಟ್ಟುಕೊಂಡು, ರೊಟ್ಟಿ ಮುರಿಯುವುದನ್ನು ಮರೆತು ನೋಡುತ್ತಿದ್ದರು. ತಪ್ಪು ತಮ್ಮದೇ ಇರಬೇಕೆಂದು ಅವರು ಮತ್ತೆ ಮತ್ತೆ ಕೂಡಿಸುತ್ತಿದ್ದುದನ್ನು ನೋಡಲಾಗಲಿಲ್ಲ. ಮೂರನೆಯ ದಿನ ಹೋಗಿ ಎಲ್ಲವನ್ನೂ ಹೇಳಿಬಿಟ್ಟೆ.

ಬೈಯುತ್ತಾರೆಂದುಕೊಂಡಿದ್ದೆ. ಅವರ ಮುಖ ಅರಳಿತು. "ಅಂದ್ರ ಲೆಕ್ಕ ಸುಳ್ಳ ಹೇಳಿಲ್ಲ ನೋಡ್ರಿ. ಬರ್ರಿ, ಎಷ್ಟು ಕಡಿಮಿ ಇತ್ತು ತೋರಸ್ರಿ."

ಬಿಸಿಲಿನಲ್ಲಿ ಮೈದಾನಕ್ಕೆ ಕರೆದೊಯ್ದರು. ಕಲ್ಲಿನ ರಾಶಿ ಎಲ್ಲಿತ್ತು, ಗೆರೆ ಎಲ್ಲಿ ತಿರುಗಿತ್ತು ಎಂದು ನಾನು ತೋರಿಸಿದ ಹಾಗೆ ಟೇಪು ಹಿಡಿದು ಅಳೆದರು. ಹನ್ನೊಂದು ಹೆಜ್ಜೆಯಷ್ಟು ಕಡಿಮೆ. ಅಂದಾಜಿನ ಮೇಲೆ ಅಂಕಿ ತಿದ್ದಬಾರದು ಎಂದು ಆ ವರ್ಷದ ಇನ್ನೂರು ಮೀಟರಿನ ಸಾಲನ್ನೇ ಹೊಡೆದುಹಾಕಿ ಲೆಕ್ಕವನ್ನು ಹೊಸದಾಗಿ ಮಾಡಿದರು. ಸುಳ್ಳು ವೇಗದ ಆ ವರ್ಷ ಹೋದೊಡನೆ ಉಳಿದವರ ಸರಾಸರಿ ನಿಧಾನವಾಯಿತು, ಗುಂಪು ಒತ್ತಿಕೊಂಡಿತು, ರೇಣುಕಾ ಮುಂದೆ ಬಂದಳು. ಈ ಸಲವೂ ಕೂದಲೆಳೆಯ ಅಂತರವೇ. ಕೂದಲು ಮಾತ್ರ ಆಚೆ ಬದಿಗಿತ್ತು.

ಹೆಡ್‌ಮಾಸ್ತರರು ಮುಗಿದದ್ದನ್ನು ಕೆದಕಬೇಡಿ ಎಂದರು. ಬೈಲಹೊಂಗಲದ ಕಚೇರಿಯಲ್ಲಿ ಅಧಿಕಾರಿಗಳು, ಹೆಸರು ಆಗಲೇ ಮೇಲಕ್ಕೆ ಹೋಗಿದೆ, ಇನ್ನೇನೂ ಮಾಡಲಾಗದು ಎಂದರು. ಅಕ್ಕೋರು ಅಲ್ಲಿಯೇ ಬೆಂಚಿನ ಮೇಲೆ ಕುಳಿತು ಒಂದು ಅರ್ಜಿ ಬರೆದರು: ಲೆಕ್ಕ ಹಾಕಿದವಳು ನಾನು, ತಪ್ಪಿದ್ದು ನನ್ನ ಲೆಕ್ಕ, ಇಬ್ಬರೂ ಹುಡುಗಿಯರನ್ನು ಆಯ್ಕೆಗೆ ಕರೆಯಬೇಕು. ನನ್ನ ಸುಣ್ಣದ ಗೆರೆಯ ಮಾತು ಅದರಲ್ಲಿ ಇರಲಿಲ್ಲ. ಯಾಕೆ ಬರೆಯಲಿಲ್ಲ ಎಂದು ಕೇಳಿದ್ದಕ್ಕೆ, ಅಂಕಿಯನ್ನು ನೋಡದೆ ನಂಬಿದವಳು ನಾನಲ್ಲವೇ ಎಂದರು. ಅವರ ಕೈಯಿಂದ ಪೆನ್ನು ತೆಗೆದುಕೊಂಡು ಕೆಳಗೆ ಎರಡು ಸಾಲು ನಾನೇ ಸೇರಿಸಿ ಸಹಿ ಮಾಡಿದೆ.

ಗಂಗವ್ವನಿಗೆ ಅಕ್ಕೋರೇ ಹೇಳಿದರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಹುಡುಗಿ ತನ್ನ ಅಂಗೈ ನೋಡಿಕೊಂಡಳು. ಆಮೇಲೆ ಕೇಳಿದಳು.

"ನಾ ಒಗದದ್ದು ಒಗದದ್ದ ಅಲ್ರಿ ಅಕ್ಕೋರ?"

"ಅದನ್ನ ಯಾರೂ ಕಸಗೊಳ್ಳಾಕ ಆಗೂದಿಲ್ಲವಾ."

"ಹಂಗಾದ್ರ ಕಪ್ ನಾನ ಕೊಟ್ಟ ಬರ್ತೇನ್ರಿ."

ರವಿವಾರ ಮೂವರೂ ಹೊರಟೆವು. ಹೆಡ್‌ಮಾಸ್ತರರು ಗೊಣಗುತ್ತಲೇ ಕಪಾಟಿನ ಕೀಲಿ ಕೊಟ್ಟಿದ್ದರು. ಸವದತ್ತಿಯಲ್ಲಿ ಬಸ್ಸು ಬದಲಿಸಬೇಕು. ಹುಣ್ಣಿಮೆ ಹತ್ತಿರ ಬಂದಿತ್ತು. ಯಲ್ಲಮ್ಮನ ಗುಡ್ಡಕ್ಕೆ ಹೋಗುವವರ ಗದ್ದಲದಲ್ಲಿ ಗಂಗವ್ವ ಕಪ್ಪನ್ನು ತಲೆಯ ಮೇಲೆ ಹಿಡಿದು ನಿಂತಿದ್ದಳು. ಅದನ್ನು ದೇವಿಗೆ ಒಯ್ಯುತ್ತಿದ್ದೇವೆಂದು ತಿಳಿದು ಒಬ್ಬ ಮುದುಕಿ ಅದಕ್ಕೆ ಅರಿಸಿನದ ಭಂಡಾರ ಹಚ್ಚಿ ಕೈ ಮುಗಿದಳು. ಅಕ್ಕೋರು ಅಲ್ಲವೆಂದು ಹೇಳಲು ಬಾಯಿ ತೆರೆದರು. ನಾನು ಕೈ ಸನ್ನೆ ಮಾಡಿ ತಡೆದೆ. ಅವರು ನನ್ನ ಮಾತು ಕೇಳಿದ್ದು ಬಹುಶಃ ಅದೊಂದೇ ಸಲ.

ರಾಮದುರ್ಗದಲ್ಲಿ ರೇಣುಕಾಳದು ನೇಕಾರರ ಮನೆ. ಮಗ್ಗದ ಸದ್ದು ಓಣಿಯ ತುದಿಗೇ ಕೇಳುತ್ತಿತ್ತು. ನಮ್ಮನ್ನು ನೋಡಿ ಅವಳ ಅಪ್ಪ ಮಗ್ಗ ನಿಲ್ಲಿಸಿದ. ಅಕ್ಕೋರು ಕುಂಕುಮ ಹಚ್ಚಿಸಿಕೊಂಡು, ನೀರು ಕುಡಿದು, ಎಲ್ಲವನ್ನೂ ಮೊದಲಿನಿಂದ ಹೇಳಿದರು. ನೋಟ್‌ಬುಕ್ಕಿನ ಎರಡು ಪುಟ ತೋರಿಸಿದರು. ತಾಯಿ-ತಂದೆಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. ರೇಣುಕಾಗೆ ತಿಳಿಯಿತು. ಅವಳು ಕಪ್ಪಿನ ಕಡೆ ನೋಡಲಿಲ್ಲ. ಹೊಡೆದುಹಾಕಿದ ಸಾಲಿನ ಮೇಲೆ ಬೆರಳಿಟ್ಟು, ಆ ವರ್ಷದವರು ನಿಜವಾಗಿ ನನಗಿಂತ ಜೋರು ಓಡಿರಲಿಲ್ಲವೇ ಎಂದು ಕೇಳಿದಳು. ಇಲ್ಲ ಎಂದೆ ನಾನು.

"ನಾ ದಿನಾ ಅವರ ಟೈಮಿಂಗ್ ಮುಟ್ಟಬೇಕಂತ ಓಡ್ತಿದ್ದೇನ್ರಿ ಸರ," ಎಂದಳು ಅವಳು. "ಮುಟ್ಟಾಕ ಆಗ್ತಿದ್ದಿಲ್ಲ."

ಗಂಗವ್ವ ಕಪ್ಪನ್ನು ಅವಳ ಮುಂದೆ ಇಟ್ಟಳು. ಆಮೇಲೆ ರೇಣುಕಾ ಅವಳ ತೋಳು ಮುಟ್ಟಿ ನೋಡಿ ನಕ್ಕಳು. ಊಟ ಮಾಡದೆ ಹೋಗಬಾರದು ಎಂದು ಅವಳ ತಾಯಿ ರೊಟ್ಟಿ ಬಡಿಯಲು ಕುಳಿತಳು.

ಅರ್ಜಿಗೆ ಬೆಲೆ ಬಂತು. ಇಬ್ಬರನ್ನೂ ಆಯ್ಕೆಗೆ ಕರೆದರು. ರೇಣುಕಾಗೆ ಹಾಸ್ಟೆಲು ಸಿಕ್ಕಿತು, ಗಂಗವ್ವನಿಗೆ ಸಿಗಲಿಲ್ಲ. ಅವಳು ನಮ್ಮಲ್ಲಿಯೇ ಮುಂದುವರಿದು ಗಣಿತದಲ್ಲಿ ಪಾಸಾದಳು. ಅದು ಚಕ್ರ ಎಸೆತಕ್ಕಿಂತ ದೊಡ್ಡ ದಾಖಲೆ ಎಂದು ಅಕ್ಕೋರು ಎಲ್ಲರಿಗೂ ಹೇಳಿದರು. ಎರಡು ಸಾವಿರದ ಇಸವಿ ದಾಟಿದ ಮೇಲೆ ಅವಳು ಪೊಲೀಸ್ ಕಾನ್‌ಸ್ಟೇಬಲ್ ಆದಳು. ರೇಣುಕಾ ಈಗ ಪಿ.ಟಿ. ಟೀಚರು. ಮೈದಾನಕ್ಕೆ ಗೆರೆ ಎಳೆದರೆ ಎರಡು ಸಲ ಅಳೆಯುತ್ತಾಳೆಂದು ಕೇಳಿದ್ದೇನೆ.

ರಾಮದುರ್ಗದಿಂದ ಮರಳುವ ಬಸ್ಸಿನಲ್ಲಿ ನಡೆದ ಮಾತನ್ನು ಇನ್ನೂ ಹೇಳಿಲ್ಲ. ಸಂಜೆಯ ಬಸ್ಸು, ಕಿಟಕಿಯಾಚೆ ಕುಸುಬಿ ಹೊಲಗಳು. ಗಂಗವ್ವ ಮುಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಳು. ಖಾಲಿ ಕೈಯಲ್ಲಿ ಮರಳುವ ಅವಳನ್ನು ನೋಡಿ ನನಗೆ ಸಂಕಟವಾಯಿತು.

"ಅಕ್ಕೋರ, ಹಿಂಗ ನೋಡಿದ್ರ ಇಬ್ಬರಿಗೂ ಇದ್ದ ಫರಕು ಕೂದಲೆಳಿಯಷ್ಟ. ಅಷ್ಟಕ್ಕ ಇಷ್ಟು ದೂರ ಬರಬೇಕಿತ್ತೇನ್ರಿ?"

ಅವರು ಕಿಟಕಿಯಿಂದ ತಿರುಗಿ ನನ್ನನ್ನು ನೋಡಿದರು.

"ಕಿತ್ತೂರಾಗ ಇನ್ನೂರು ಮೀಟರ್ ಓಡೂಮುಂದ ಕಡೀ ಗೆರಿ ಮ್ಯಾಲ ನೀವ ನಿಂತಿದ್ರಿ. ಎರಡನೇದಾಕಿಗಿಂತ ರೇಣುಕಾ ಎಷ್ಟು ಮುಂದಿದ್ದಳು ಸರ?"

ನೆನಪಿಸಿಕೊಂಡೆ. "ಎದಿಯಷ್ಟು. ಅಷ್ಟೂ ಇರಲಿಲ್ಲರಿ."

"ಮತ್ತ ನೀವು ಆಕಿಗೆ ಫಸ್ಟ್ ಕೊಟ್ರೋ, ಇಲ್ಲೋ?"

ಕೊಟ್ಟಿದ್ದೆ.